ಗೋಮೇಧಿಕ, ಪೆರಿಡಾಟ್, ಸಿನ್ಹಲೈಟ್: ಮಾವನ ಉಂಗುರದ ಒಂದೇ ಹರಳಿಗೆ ಮೂರು ಹೆಸರೇಕೆ?

ಪ್ರಶ್ನೆ: ನಮ್ಮ ಮಾವನವರು 1978ರಲ್ಲಿ ಸಹೋದ್ಯೋಗಿಗಳ ಜೊತೆ ರಾಮೇಶ್ವರದಿಂದ ಹಡಗಿನಲ್ಲಿ ಶ್ರೀಲಂಕಾಕ್ಕೆ ಹೋಗಿದ್ದರು. ಬರುವಾಗ ರತ್ನಪುರದಲ್ಲಿ ಜೇನುಬಣ್ಣದ ಒಂದು ಹರಳು ಕೊಂಡು ತಂದರು. ‘ಸಿಲೋನ್ ಗೋಮೇಧಿಕ’ ಎಂದು ಮಾರಿದವನು ಹೇಳಿದ್ದನಂತೆ. ರಾಹು ದೆಸೆಗೆಂದು ಬೆಳ್ಳಿಯಲ್ಲಿ ಕಟ್ಟಿಸಿ ನಡುಬೆರಳಿಗೆ ಹಾಕಿಕೊಂಡವರು ತೀರಿಕೊಳ್ಳುವವರೆಗೂ ತೆಗೆಯಲಿಲ್ಲ. ಈಗ ಮಗನ ಬೆರಳಿನ ಅಳತೆಗೆ ಸರಿಪಡಿಸಲು ಅಂಗಡಿಗೆ ಕೊಟ್ಟೆವು. ಹರಳು ಬಿಚ್ಚಿ ನೋಡಿದ ಅಂಗಡಿಯವರು ‘ಇದು ಗೋಮೇಧಿಕವಲ್ಲ, ಪೆರಿಡಾಟ್’ ಎಂದರು. ಅನುಮಾನ ಬಂದು ಬೆಂಗಳೂರಿನ ಒಂದು ಪ್ರಯೋಗಾಲಯಕ್ಕೆ ಕಳಿಸಿದರೆ ‘ನೈಸರ್ಗಿಕ ಸಿನ್ಹಲೈಟ್, 5.22 ಕ್ಯಾರಟ್’ ಎಂಬ ವರದಿ ಬಂತು. ಅದನ್ನು ತೋರಿಸಿದಾಗ ಅಂಗಡಿಯವರು, ‘ಇದು ಬೋರೇಟ್ ಖನಿಜ, ಅಂದರೆ ನಮ್ಮ ಬಿಳಿಗಾರದ ಜಾತಿ. ನೀರಿಗೆ ಕರಗುತ್ತದೆ, ಮೈಗೆ ಒಳ್ಳೆಯದಲ್ಲ. ಕೊಟ್ಟುಬಿಡಿ, ಬೆಳ್ಳಿಯ ಲೆಕ್ಕದಲ್ಲಿ ಸೇರಿಸಿಕೊಳ್ಳುತ್ತೇನೆ’ ಎನ್ನುತ್ತಾರೆ. ಮಗ ಮೊಬೈಲಿನಲ್ಲಿ ನೋಡಿ, ‘ಪ್ರಪಂಚದ ಅತಿ ಅಪರೂಪದ ಹರಳು, ಲಕ್ಷಗಟ್ಟಲೆ ಬಾಳುತ್ತದೆ’ ಎನ್ನುತ್ತಾನೆ. ಹರಳು ಅಂಗಡಿಯಲ್ಲಿ ಬದಲಾಗಿರಬಹುದೇ? ಮಗ ಹಾಕಿಕೊಳ್ಳಬಹುದೇ? ಮಾರುವುದೇ, ಇಟ್ಟುಕೊಳ್ಳುವುದೇ? ಹಳೆಯ ಪೆಟ್ಟಿಗೆಯಲ್ಲಿ ಉಂಗುರ ಕಟ್ಟಿದ ಅಕ್ಕಸಾಲಿಗರ ಚೀಟಿಯೊಂದು ಸಿಕ್ಕಿದೆ. ‘ಗೋಮೇಧಿಕ, ಐದೂ ಮುಕ್ಕಾಲು ರತ್ತಿ’ ಎಂದಷ್ಟೇ ಬರೆದಿದೆ.
(ಹಾಸನದ ಓದುಗರೊಬ್ಬರು)

ಉತ್ತರ: ಮೊದಲು ನಿಮ್ಮ ನಿದ್ದೆಗೆಡಿಸಿರುವ ಪ್ರಶ್ನೆಗೆ ಬರುತ್ತೇನೆ. ಹರಳು ಬದಲಾಗಿರುವ ಸಾಧ್ಯತೆ ತೀರಾ ಕಡಿಮೆ. ಹೀಗೆ ಹೇಳಲು ಎರಡು ಕಾರಣಗಳಿವೆ. ಒಂದು, ನೀವು ಕೊನೆಯಲ್ಲಿ ಹಗುರವಾಗಿ ಹೇಳಿರುವ ಆ ಚೀಟಿ. ಹರಳಿನ ವ್ಯಾಪಾರದಲ್ಲಿ ಸಾಮಾನ್ಯವಾಗಿ ಒಂದು ರತ್ತಿಗೆ 0.91 ಕ್ಯಾರಟ್ ಲೆಕ್ಕ. ಐದೂ ಮುಕ್ಕಾಲು ರತ್ತಿಯೆಂದರೆ 5.23 ಕ್ಯಾರಟ್ ಆಯಿತು. ಪ್ರಯೋಗಾಲಯದ ತಕ್ಕಡಿ ತೋರಿಸಿದ್ದು 5.22. ರತ್ತಿಯ ಲೆಕ್ಕ ಊರಿಂದೂರಿಗೆ ಬದಲಾಗುವುದುಂಟು, ಆದ್ದರಿಂದ ಇದನ್ನು ಮುಚ್ಚಳಿಕೆಯಂತೆ ಹಿಡಿದುಕೊಳ್ಳಲಾಗದು. ಆದರೂ ನಲವತ್ತು ವರ್ಷಕ್ಕೂ ಹಿಂದಿನ ಚೀಟಿ ಇಂದಿನ ತಕ್ಕಡಿಗೆ ಕೂದಲೆಳೆಯಷ್ಟು ಹತ್ತಿರ ಬರುವುದು ಬರೀ ಕಾಕತಾಳೀಯವಲ್ಲ.

ಇನ್ನೊಂದು, ಕಳ್ಳನ ಲೆಕ್ಕಾಚಾರ. ಹರಳು ಬದಲಿಸುವವನು ಬೆಲೆಯುಳ್ಳದ್ದನ್ನು ಕಿತ್ತು ಅಲ್ಲಿ ಗಾಜನ್ನೋ ಸಿಟ್ರಿನ್ ಅನ್ನೋ ಕೂರಿಸುತ್ತಾನೆ. ಗೋಮೇಧಿಕವನ್ನು ಕದ್ದು ಆ ಜಾಗದಲ್ಲಿ ಸಿನ್ಹಲೈಟ್ ಇಡುವವನು ಎಲ್ಲಾದರೂ ಇದ್ದರೆ ಅವನನ್ನು ನಾನು ಒಮ್ಮೆ ಕಣ್ಣಾರೆ ನೋಡಬೇಕು. ಯಾವ ಅಂಗಡಿಯಲ್ಲೂ ಸಿಗುವ ಹರಳನ್ನು ಒಯ್ದು, ಹುಡುಕಿದರೂ ಸಿಗದ್ದನ್ನು ಬಿಟ್ಟುಹೋಗುವ ಕಳ್ಳನವನು.

ಹಾಗಾದರೆ ರತ್ನಪುರದವನು ಸುಳ್ಳು ಹೇಳಿದನೇ? ಅದೂ ಅಲ್ಲವೆಂದೇ ನನ್ನ ಅನಿಸಿಕೆ. ಗೋಮೇದ ಎಂಬ ಹೆಸರೇ ಬಣ್ಣದಿಂದ ಹುಟ್ಟಿದ್ದು, ಗೋವಿನ ಮೇದಸ್ಸಿನ ಬಣ್ಣದ್ದು ಎಂದು ಅದರ ಅರ್ಥ. ನಮ್ಮ ಬಾಯಲ್ಲಿ ಅದು ಗೋಮೇಧಿಕವಾಯಿತು. ಹಿಂದಿನವರು ಹರಳುಗಳಿಗೆ ಹೆಸರಿಟ್ಟದ್ದು ಕಣ್ಣಿನ ಅಳತೆಯಲ್ಲಿ. ಕೆಂಪಗಿದ್ದದ್ದೆಲ್ಲ ಕೆಂಪು, ಹಳದಿಯದೆಲ್ಲ ಪುಷ್ಯರಾಗ, ಜೇನುಬಣ್ಣದ್ದೆಲ್ಲ ಗೋಮೇಧಿಕ. ರತ್ನಪುರದ ಬೀದಿಯಲ್ಲಿ ಕಾಗದದ ಪೊಟ್ಟಣ ಬಿಚ್ಚಿ ಹರಳು ತೋರಿಸುವವರ ಬಳಿ ಕಣ್ಣು ಮತ್ತು ಟಾರ್ಚ್ ಬಿಟ್ಟರೆ ಬೇರೆ ಉಪಕರಣ ಅಪರೂಪ. ಅಲ್ಲಿನ ಗಣಿಗಳೂ ನಾವು ಕೋಲಾರದಲ್ಲಿ ಕಂಡಂಥವಲ್ಲ. ಗದ್ದೆಯ ಬದಿಯಲ್ಲಿ ಬಾವಿಯಂತೆ ಗುಂಡಿ ತೋಡಿ, ಸುತ್ತ ಮರದ ತೊಲೆ ಕೊಟ್ಟು, ಜರಿಯದಂತೆ ಸೊಪ್ಪು ತುರುಕಿ, ಹಳೆಯ ಹೊಳೆಯೊಂದು ಬಿಟ್ಟುಹೋದ ಗರಸಿನ ಪದರಕ್ಕೆ ಇಳಿಯುತ್ತಾರೆ. ಆ ಪದರಕ್ಕೆ ಅವರು ‘ಇಲ್ಲಮ’ ಎನ್ನುತ್ತಾರೆ. ಮೇಲಕ್ಕೆತ್ತಿದ ಇಲ್ಲಮವನ್ನು ಬುಟ್ಟಿಯಲ್ಲಿ ಹಾಕಿ, ಸೊಂಟಮಟ್ಟದ ನೀರಿನಲ್ಲಿ ನಿಂತು, ನಮ್ಮ ಹೆಂಗಸರು ಅಕ್ಕಿ ಗಾಳಿಸುವ ಹಾಗೆ ಸುತ್ತಿಸುತ್ತಾರೆ. ಮಣ್ಣು, ಹಗುರ ಕಲ್ಲು ಹೊರಗೆ ಹರಿದು, ಭಾರದವು ತಳದಲ್ಲಿ ಉಳಿಯುತ್ತವೆ. ನೀಲ, ಗೋಮೇಧಿಕ, ಜಿರ್ಕಾನ್, ಸ್ಪಿನೆಲ್, ವೈಡೂರ್ಯ ಎಲ್ಲವೂ ಒಂದೇ ಬುಟ್ಟಿಯಲ್ಲಿ, ಮೂಲೆ ಸವೆದ ಗೋಲಿಗಳಾಗಿ. ಅದರಲ್ಲೊಂದು ಕಂದು ಗೋಲಿ ಯಾವುದು ಎಂದು ಬರಿಗಣ್ಣಿನಲ್ಲಿ ಹೇಳು ಎಂದು ನನ್ನನ್ನು ಕೇಳಿದರೂ ನಾನು ತಪ್ಪಬಹುದು.

ಈಗ ಎರಡನೆಯ ಹೆಸರು, ಸಾಮಾನ್ಯವಾಗಿ ಹಸಿರು ಬಣ್ಣದಲ್ಲಿ ಸಿಗುವ ಪೆರಿಡಾಟ್. ಈ ತಪ್ಪು ಮಾಡಿದ್ದಕ್ಕೆ ನಿಮ್ಮ ಅಂಗಡಿಯವರನ್ನು ಬೈಯಬೇಡಿ. ಅದೇ ತಪ್ಪನ್ನು ಪ್ರಪಂಚದ ದೊಡ್ಡ ದೊಡ್ಡ ವಸ್ತುಸಂಗ್ರಹಾಲಯಗಳು 1952ರವರೆಗೆ ಮಾಡಿದ್ದವು. ಶ್ರೀಲಂಕಾದಿಂದ ಬರುತ್ತಿದ್ದ ಈ ಕಂದು ಹರಳುಗಳನ್ನು ‘ಕಂದು ಪೆರಿಡಾಟ್’ ಎಂದೇ ಪೆಟ್ಟಿಗೆಯಲ್ಲಿಟ್ಟು ಚೀಟಿ ಅಂಟಿಸಿದ್ದರು. ಲಂಡನ್ನಿನ ರತ್ನ ಪರೀಕ್ಷಾಲಯದಲ್ಲಿದ್ದ ಬಿ. ಡಬ್ಲ್ಯು. ಆ್ಯಂಡರ್ಸನ್ ಮತ್ತು ಸಿ. ಜೆ. ಪೇನ್ ಅವರಿಗೆ ಒಂದು ವಿಷಯ ಚುಚ್ಚುತ್ತಿತ್ತು: ಈ ಹರಳುಗಳು ಪೆರಿಡಾಟ್ ತೂಗಬೇಕಾದ್ದಕ್ಕಿಂತ ಹೆಚ್ಚು ತೂಗುತ್ತಿದ್ದವು. ಕೊನೆಗೆ ಬ್ರಿಟಿಷ್ ಮ್ಯೂಸಿಯಂನ ಜಿ. ಎಫ್. ಕ್ಲಾರಿಂಗ್‌ಬುಲ್ ಮತ್ತು ಎಂ. ಎಚ್. ಹೇ 1952ರಲ್ಲಿ ಇದು ಪೆರಿಡಾಟ್ ಅಲ್ಲವೇ ಅಲ್ಲ, ಯಾರೂ ಹೆಸರಿಡದ ಹೊಸ ಖನಿಜ ಎಂದು ತೋರಿಸಿಕೊಟ್ಟರು. ಹುಟ್ಟೂರಿನ ಹೆಸರನ್ನೇ ಇಟ್ಟರು. ಸಿಂಹಳದ್ದು, ಆದ್ದರಿಂದ ಸಿನ್ಹಲೈಟ್. ಇಂಗ್ಲಿಷಿನವರಿಗೆ ಈ ಹೆಸರಿನ ಅರ್ಥ ಬಿಡಿಸಿ ಹೇಳಬೇಕು, ನಮಗೆ ಕಿವಿಗೆ ಬಿದ್ದ ತಕ್ಷಣ ಗೊತ್ತಾಗುತ್ತದೆ.

ಇಷ್ಟು ವರ್ಷ ತಜ್ಞರನ್ನೇ ಏಮಾರಿಸಲು ಇದಕ್ಕೆ ಸಾಧ್ಯವಾದದ್ದು ಹೇಗೆ ಎಂಬುದು ಈ ಹರಳಿನ ಅತ್ಯಂತ ಸೊಗಸಾದ ಭಾಗ. ಪೆರಿಡಾಟ್‌ನಲ್ಲಿ ಎರಡು ಮೆಗ್ನೀಸಿಯಂ, ಒಂದು ಸಿಲಿಕಾನ್, ನಾಲ್ಕು ಆಮ್ಲಜನಕ ಪರಮಾಣುಗಳಿವೆ. ಸಿನ್ಹಲೈಟ್‌ನಲ್ಲಿ ಒಂದು ಮೆಗ್ನೀಸಿಯಂ ಹಾಗೆಯೇ ಇದೆ. ಇನ್ನೊಂದರ ಜಾಗಕ್ಕೆ ಅಲ್ಯೂಮಿನಿಯಂ, ಸಿಲಿಕಾನಿನ ಜಾಗಕ್ಕೆ ಬೋರಾನ್ ಬಂದಿವೆ. ವಿದ್ಯುದಂಶದ ಲೆಕ್ಕ ಹಾಕಿ ನೋಡಿ: ಅಲ್ಲಿ ಮೆಗ್ನೀಸಿಯಂನ ಎರಡು, ಸಿಲಿಕಾನಿನ ನಾಲ್ಕು, ಒಟ್ಟು ಆರು. ಇಲ್ಲಿ ಅಲ್ಯೂಮಿನಿಯಂನ ಮೂರು, ಬೋರಾನಿನ ಮೂರು, ಒಟ್ಟು ಮತ್ತೆ ಆರು. ಮನೆಯ ನಕ್ಷೆ ಅದೇ. ಇಬ್ಬರು ಬಾಡಿಗೆದಾರರು ಒಟ್ಟಿಗೆ ಬದಲಾಗಿದ್ದಾರೆ, ತಿಂಗಳ ಬಾಡಿಗೆ ಮಾತ್ರ ಅಷ್ಟೇ. ನಕ್ಷೆ ಒಂದೇ ಆದ್ದರಿಂದ ಬೆಳಕನ್ನು ಬಗ್ಗಿಸುವ ರೀತಿಯೂ ಅಕ್ಕಪಕ್ಕ. ಎರಡಕ್ಕೂ ಬಣ್ಣ ಕೊಡುವುದು ಮೆಗ್ನೀಸಿಯಂನ ಜಾಗದಲ್ಲಿ ನುಸುಳಿದ ಒಂದಿಷ್ಟು ಕಬ್ಬಿಣವೇ ಆದ್ದರಿಂದ, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಸ್ಪೆಕ್ಟ್ರೋಸ್ಕೋಪಿನಲ್ಲಿ ಕಾಣುವ ಕಪ್ಪು ಪಟ್ಟೆಗಳೂ ಅಕ್ಕತಂಗಿಯರಂತೆ.

ನಿಮ್ಮ ಹರಳು ನನ್ನ ಮೇಜಿಗೆ ಬಂದಿದ್ದರೆ ನಾನು ಏನು ಮಾಡುತ್ತಿದ್ದೆ ಎಂದು ಹೇಳುತ್ತೇನೆ. ಇದರಿಂದ ನಿಮ್ಮ ಕೈಯಲ್ಲಿರುವ ವರದಿಯನ್ನು ಓದುವುದೂ ಸುಲಭವಾಗುತ್ತದೆ.

ಮೊದಲ ಕೆಲಸ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪಿನಲ್ಲಿ ಹರಳಿನ ಮೇಲ್ಮುಖದಿಂದ ಒಳಗೆ ಇಣುಕುವುದು. ಗೋಮೇಧಿಕವಾದರೆ ಒಳಗೆ ಒಂದು ಬಗೆಯ ಅಲೆ ಕಾಣುತ್ತದೆ. ಬೆಲ್ಲದ ಪಾಕವನ್ನು ಬಿಸಿನೀರಿಗೆ ಬಿಟ್ಟಾಗ ಕರಗುವ ಮುಂಚೆ ಎಳೆ ಎಳೆಯಾಗಿ ಸುಳಿಯುತ್ತದಲ್ಲ, ಅದೇ ನೋಟ. ಸಿನ್ಹಲೈಟ್‌ನಲ್ಲಿ ಅದು ಇರುವುದಿಲ್ಲ. ಬದಲಿಗೆ ಹಿಂಬದಿಯ ಪಟ್ಟೆಗಳ (ಸಾಣೆ ಹಿಡಿದ ಸಣ್ಣ ಮುಖಗಳ) ಅಂಚುಗಳು ಒಂದೊಂದೂ ಎರಡಾಗಿ ಕಾಣುತ್ತವೆ, ಕನ್ನಡಕ ಮರೆತವರಿಗೆ ಗೋಡೆಯ ಕ್ಯಾಲೆಂಡರಿನ ಅಂಕಿ ಕಾಣುವಂತೆ. ಬೆಳಕು ಒಳಗೆ ಹೋಗಿ ಇಬ್ಭಾಗವಾಗುವುದರ ಗುರುತು ಅದು. ಗೋಮೇಧಿಕ ಗಾರ್ನೆಟ್ ಜಾತಿಯದು, ಅದರಲ್ಲಿ ಬೆಳಕು ಒಡೆಯುವುದಿಲ್ಲ. ಅಂಚು ಎರಡಾಗಿ ಕಂಡರೆ ಗೋಮೇಧಿಕದ ಮಾತು ಅಲ್ಲಿಗೇ ಮುಗಿಯಿತು. ನಿಮ್ಮ ಅಂಗಡಿಯವರು ಇಷ್ಟನ್ನು ಸರಿಯಾಗಿಯೇ ನೋಡಿದ್ದಾರೆ. ಅವರು ಎಡವಿದ್ದು ಮುಂದಿನ ಮೆಟ್ಟಿಲಿನಲ್ಲಿ.

ಹರಳು ಬೆಳಕನ್ನು ಎಷ್ಟು ಬಗ್ಗಿಸುತ್ತದೆಂದು ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಪೆರಿಡಾಟ್ ಸುಮಾರು 1.654ರಿಂದ 1.690ರವರೆಗೆ ಓದುತ್ತದೆ. ಸಿನ್ಹಲೈಟ್ ಸುಮಾರು 1.668ರಿಂದ 1.707. ಅವಸರದಲ್ಲಿ ಒಂದೇ ಅಂಕಿ ಓದಿ ಎದ್ದವರಿಗೆ ಎರಡೂ ಒಂದೇ. ಹರಳನ್ನು ಗಾಜಿನ ಮೇಲೆ ನಿಧಾನವಾಗಿ ತಿರುಗಿಸುತ್ತಾ ನೋಡಬೇಕು. ಮಾಪಕದಲ್ಲಿ ಎರಡು ನೆರಳಿನ ಗೆರೆಗಳು ಕಾಣುತ್ತವೆ. ಪೆರಿಡಾಟ್ ಆದರೆ ಎರಡೂ ಹೆಚ್ಚುಕಡಿಮೆ ಒಂದೇ ದೂರ ಓಡಾಡುತ್ತವೆ. ಸಿನ್ಹಲೈಟ್ ಆದರೆ ಹೆಚ್ಚಿನ ಅಂಕಿಯ ಗೆರೆ ಇದ್ದಲ್ಲೇ ಸ್ವಲ್ಪ ಮಿಸುಕುತ್ತದೆ, ಕಡಿಮೆ ಅಂಕಿಯದು ದೂರ ಅಲೆಯುತ್ತದೆ. ಒಮ್ಮೆ ಕಂಡರೆ ಮರೆಯುವಂಥದ್ದಲ್ಲ. ಆಮೇಲೆ ಸ್ಪೆಕ್ಟ್ರೋಸ್ಕೋಪ್. ಪೆರಿಡಾಟ್‌ನ ನೀಲಿ ಭಾಗದಲ್ಲಿ ಮೂರು ಪಟ್ಟೆಗಳಿದ್ದರೆ, ಸಿನ್ಹಲೈಟ್‌ನಲ್ಲಿ 463 ನ್ಯಾನೋಮೀಟರ್ ಹತ್ತಿರ ಇನ್ನೊಂದು ಹೆಚ್ಚಿಗೆ ಇರುತ್ತದೆ.

ಇವೆಲ್ಲಕ್ಕಿಂತ ನನಗೆ ಇಷ್ಟವಾದ ಪರೀಕ್ಷೆ ಆರ್ಕಿಮಿಡೀಸನದು, ಬಿಡಿ ಹರಳಿಗೆ ಮಾತ್ರ ಮಾಡಬಹುದಾದದ್ದು. ಗಾಳಿಯಲ್ಲಿ 5.22 ಕ್ಯಾರಟ್ ತೂಗುವ ನಿಮ್ಮ ಹರಳನ್ನು ನೀರಿನಲ್ಲಿ ಮುಳುಗಿಸಿ ತೂಗಿದರೆ 3.72ರ ಆಸುಪಾಸು ಬರಬೇಕು. ಕಳೆದುಕೊಂಡದ್ದು 1.50. 5.22 ಅನ್ನು ಒಂದೂವರೆಯಿಂದ ಭಾಗಿಸಿದರೆ 3.48. ಅದೇ ಸಿನ್ಹಲೈಟ್‌ನ ಸಾಂದ್ರತೆ. ಅಷ್ಟೇ ತೂಕದ ಪೆರಿಡಾಟ್ ನೀರಿನಲ್ಲಿ 1.56 ಕಳೆದುಕೊಳ್ಳುತ್ತದೆ, ಗೋಮೇಧಿಕವಾದರೆ 1.43. ವ್ಯತ್ಯಾಸ ಸಣ್ಣದು, ಆದರೆ ಒಳ್ಳೆಯ ತಕ್ಕಡಿಗೆ ಅದು ಸಾಕು. ಆ್ಯಂಡರ್ಸನ್ ಮತ್ತು ಪೇನ್ ಅವರಿಗೆ ಚುಚ್ಚಿದ ಮುಳ್ಳೂ ಇದೇ. ನಿಮ್ಮ ವರದಿಯಲ್ಲಿ ವಕ್ರೀಭವನ ಸೂಚ್ಯಂಕ, ಸಾಂದ್ರತೆ ಎಂದು ಬರೆದ ಕಡೆ ಈ ಅಂಕಿಗಳು ಇವೆಯೇ ನೋಡಿ. ಇದ್ದರೆ ಮತ್ತೊಂದು ಪರೀಕ್ಷೆಗೆ ಹಣ ಸುರಿಯುವ ಅಗತ್ಯವಿಲ್ಲ. ಬರೀ ಹೆಸರು ಬರೆದು ಫೋಟೋ ಅಂಟಿಸಿದ್ದರೆ ಮಾತ್ರ ರಾಮನ್ ಸ್ಪೆಕ್ಟ್ರೋಸ್ಕೋಪ್ ಇರುವ ಪ್ರಯೋಗಾಲಯಕ್ಕೆ ಕೊಡಿ. ನಮ್ಮ ಸಿ. ವಿ. ರಾಮನ್ ಅವರ ಹೆಸರಿನದೇ ಆ ವಿಧಾನ. ಲೇಸರ್ ಬೆಳಕು ಬಿಟ್ಟು ನಿಮಿಷಗಳಲ್ಲಿ ಖನಿಜದ ಗುರುತು ಹೇಳುತ್ತದೆ, ಹರಳಿಗೆ ಗೀರೂ ಬೀಳುವುದಿಲ್ಲ.

ಇನ್ನು ಬಿಳಿಗಾರದ ಕಥೆ. ಅಂಗಡಿಯವರ ಮಾತಿನಲ್ಲಿ ಅರ್ಧ ಸತ್ಯವಿದೆ, ಅರ್ಧ ಸತ್ಯವೇ ಹೆಚ್ಚು ತೊಂದರೆ ಕೊಡುವುದು. ಬೋರಾನ್ ಮತ್ತು ಆಮ್ಲಜನಕ ಕೂಡಿ ಆದ ಖನಿಜಗಳಿಗೆಲ್ಲ ಬೋರೇಟ್ ಎಂದು ಹೆಸರು. ಅಕ್ಕಸಾಲಿಗರು ಬೆಸುಗೆಗೆ ಹಾಕುವ ಬಿಳಿಗಾರವೂ ಬೋರೇಟೇ, ನಿಮ್ಮ ಹರಳೂ ಬೋರೇಟೇ. ಕ್ಯಾರಂ ಬೋರ್ಡಿಗೆ ಉದುರಿಸುವ ಪುಡಿ ಬೋರಿಕ್ ಆಮ್ಲ, ಅದೂ ಇದೇ ಬಳಗದ್ದು. ಆದರೆ ಒಂದೇ ಗೋತ್ರದವರೆಲ್ಲ ಒಂದೇ ಸ್ವಭಾವದವರಾಗಿರಬೇಕೆಂದಿಲ್ಲ. ಬಿಳಿಗಾರ ಬತ್ತಿದ ಉಪ್ಪುಸರೋವರಗಳಲ್ಲಿ, ಬಿಸಿನೀರಿನ ಬುಗ್ಗೆಗಳ ಸುತ್ತ ಹುಟ್ಟುವಂಥದ್ದು. ಲಡಾಖಿನ ಪುಗಾ ಕಣಿವೆಯಲ್ಲಿ ನೆಲದ ಮೇಲೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಅದರ ತೂಕದಲ್ಲಿ ಶೇಕಡ 47ರಷ್ಟು ಬರೀ ನೀರು. ಅಕ್ಕಸಾಲಿಗರ ಬಳಿ ಕುಳಿತು ನೋಡಿದ್ದರೆ ನಿಮಗೂ ಗೊತ್ತಿರುತ್ತದೆ: ಉರಿ ತಾಗಿದ ಕೂಡಲೇ ಬಿಳಿಗಾರ ಅರಳಿನಂತೆ ಉಬ್ಬಿ, ಆಮೇಲೆ ಕುಸಿದು ಗಾಜಿನಂತೆ ಹರಿಯುತ್ತದೆ. ಆ ಉಬ್ಬುವಿಕೆ ಒಳಗಿನ ನೀರು ಆವಿಯಾಗಿ ಹೊರಡುವುದು. ಇಂಥ ಸಡಿಲ ಕಟ್ಟಡ ನೀರಿನಲ್ಲಿ ಕರಗದೇ ಇನ್ನೇನಾದೀತು?

ಸಿನ್ಹಲೈಟ್‌ನಲ್ಲಿ ನೀರಿನ ಹನಿಯಿಲ್ಲ. ಭೂಮಿಯ ಆಳದಲ್ಲಿ, ನೂರಾರು ಡಿಗ್ರಿ ಶಾಖದಲ್ಲಿ, ಅಪಾರ ಒತ್ತಡದಲ್ಲಿ ಹುಟ್ಟಿದ್ದು ಅದು. ಅದರಲ್ಲಿ ಪ್ರತಿ ಬೋರಾನ್ ಪರಮಾಣುವನ್ನೂ ನಾಲ್ಕು ಆಮ್ಲಜನಕಗಳು ನಾಲ್ಕು ಮೂಲೆಯಿಂದ ಬಿಗಿಹಿಡಿದಿವೆ. ಸಂಶಯವಿದ್ದರೆ ಇಲ್ಲಮವನ್ನು ನೆನಪಿಸಿಕೊಳ್ಳಿ. ನಿಮ್ಮ ಹರಳು ಬೆಟ್ಟದಿಂದ ಕಳಚಿ, ಹೊಳೆಯಲ್ಲಿ ಉರುಳಿ, ಸಾವಿರಾರು ವರ್ಷ ಒದ್ದೆ ಗರಸಿನಲ್ಲಿ ಕೂತಿತ್ತು. ಕರಗುವ ಜಾತಿಯದಾಗಿದ್ದರೆ ನಿಮ್ಮ ಮಾವನವರ ತನಕ ಅದು ಬರುತ್ತಲೇ ಇರಲಿಲ್ಲ. ಬೆವರಿಗೆ, ಸ್ನಾನದ ನೀರಿಗೆ ಅದರಿಂದ ಬೋರಾನ್ ಇಳಿದು ಮೈಗೆ ಸೇರುವ ಭಯ ಬೇಡ. ಒಂದೇ ಎಚ್ಚರಿಕೆ: ಯಾರಾದರೂ ಇದರ ಭಸ್ಮ ಮಾಡಿ ತಿನ್ನಿ ಎಂದರೆ ಒಪ್ಪಬೇಡಿ. ಆ ಮಾತನ್ನು ನಾನು ಯಾವ ಹರಳಿಗಾದರೂ ಹೇಳುತ್ತೇನೆ.

ಅಪರೂಪವೇಕೆ ಎಂದರೆ, ಬೋರಾನೇ ಅಪರೂಪ. ಅದು ನಕ್ಷತ್ರದ ಒಲೆಯಲ್ಲಿ ಬೇಯುವ ಧಾತುವಲ್ಲ. ಬಾಹ್ಯಾಕಾಶದಲ್ಲಿ ಓಡುವ ಕಾಸ್ಮಿಕ್ ಕಿರಣಗಳು ದೊಡ್ಡ ಪರಮಾಣುಗಳಿಗೆ ಬಡಿದಾಗ ಸಿಡಿಯುವ ಚೂರುಗಳಲ್ಲಿ ಅದೂ ಒಂದು. ಭೂಮಿಯ ಹೊರಚಿಪ್ಪಿನಲ್ಲಿ ಹತ್ತು ಲಕ್ಷ ಭಾಗಕ್ಕೆ ಸುಮಾರು ಹತ್ತು ಭಾಗ. ಇದ್ದಷ್ಟರಲ್ಲೂ ಬಹುಪಾಲನ್ನು ಟೂರ್ಮಲೀನ್ ಎಂಬ ಖನಿಜ ಕಬಳಿಸುತ್ತದೆ, ಏಕೆಂದರೆ ಟೂರ್ಮಲೀನಿಗೆ ಬೇಕಾದ, ಮರಳಿನ ಮುಖ್ಯ ಅಂಶವಾದ ಸಿಲಿಕಾ ಎಲ್ಲೆಡೆ ದಂಡಿಯಾಗಿದೆ. ಸಿನ್ಹಲೈಟ್ ಆಗಬೇಕಾದರೆ ಬೋರಾನ್, ಮೆಗ್ನೀಸಿಯಂ, ಅಲ್ಯೂಮಿನಿಯಂ ಮೂರೂ ಬೇಕು, ಸಿಲಿಕಾ ಮಾತ್ರ ಕೊರತೆಯಲ್ಲಿರಬೇಕು. ಮೆಗ್ನೀಸಿಯಂ ತುಂಬಿದ ಅಮೃತಶಿಲೆಗೆ ಬೋರಾನ್ ಹೊತ್ತ ಬಿಸಿದ್ರವ ತಾಗಿದ ಕಡೆ ಮಾತ್ರ ಇಂಥ ಅಡುಗೆ ಕೂಡಿಬರುತ್ತದೆ. ಶ್ರೀಲಂಕಾ ಬಿಟ್ಟರೆ ಮ್ಯಾನ್ಮಾರ್‌ನ ಮೊಗೊಕ್, ತಾಂಜಾನಿಯಾ, ಮಡಗಾಸ್ಕರ್, ನ್ಯೂಯಾರ್ಕ್ ರಾಜ್ಯದ ವಾರ್ವಿಕ್ ಮತ್ತು ಜಾನ್ಸ್‌ಬರ್ಗ್, ಹೀಗೆ ಬೆರಳೆಣಿಕೆಯ ಊರುಗಳ ಹೆಸರು ಹೇಳಬಹುದು. ಆಭರಣಕ್ಕೆ ಬರುವ ದೊಡ್ಡ, ಶುದ್ಧ ಹರಳುಗಳಿಗೆ ಹೆಸರುವಾಸಿ ಇಂದಿಗೂ ಶ್ರೀಲಂಕಾ.

ಬೋರಾನಿನ ವಿಷಯದಲ್ಲಿ ಆ ದ್ವೀಪಕ್ಕೆ ಏನೋ ಅದೃಷ್ಟ. ಅದರ ಇನ್ನೊಂದು ಹಳೆಯ ಹೆಸರಾದ ಸೆರೆಂದೀಬ್ ಅನ್ನು ಹೊತ್ತ ಸೆರೆಂಡಿಬೈಟ್ ಎಂಬ ಖನಿಜವೂ ಇದೆ. ಅದರಲ್ಲಿ ಬೋರಾನಿನ ಜೊತೆ ಸಿಲಿಕಾನೂ ಇದೆ. 1903ರಲ್ಲಿ ಅದನ್ನು ಜಗತ್ತಿಗೆ ಪರಿಚಯಿಸಿದ ಇಬ್ಬರಲ್ಲಿ ಒಬ್ಬರು ಆನಂದ ಕುಮಾರಸ್ವಾಮಿ. ಹೌದು, ಭಾರತೀಯ ಶಿಲ್ಪ, ಚಿತ್ರಗಳ ಬಗ್ಗೆ ಬರೆದು ನಮಗೆಲ್ಲ ಗೊತ್ತಿರುವ ಅದೇ ಕುಮಾರಸ್ವಾಮಿ. ನಟರಾಜನ ವಿಗ್ರಹದ ಕಡೆ ತಿರುಗುವ ಮುಂಚೆ ಅವರು ಸಿಲೋನಿನ ಖನಿಜ ಸಮೀಕ್ಷೆಯ ಮುಖ್ಯಸ್ಥರಾಗಿದ್ದ ಭೂವಿಜ್ಞಾನಿ. ವಿಷಯಾಂತರವಾಯಿತು, ಆದರೆ ಈ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ನಿಮ್ಮ ಮಗನ ‘ಲಕ್ಷಗಟ್ಟಲೆ’ಗೆ ಬರೋಣ. ಅವನು ನೋಡಿದ ‘ಪ್ರಪಂಚದ ಅತಿ ಅಪರೂಪದ ಹರಳು’ ಬಹುಶಃ ಪೇನೈಟ್ ಇರಬೇಕು. ಅದೂ ಬೋರೇಟ್ ಆದ್ದರಿಂದ ಹುಡುಕಿದಾಗ ಎರಡೂ ಒಟ್ಟಿಗೆ ಬಂದು ಕಲಸಿಹೋಗಿರುತ್ತವೆ. ಪೇನೈಟ್‌ನ ಕಥೆ ಕೇಳಿದರೆ ಅಪರೂಪಕ್ಕೂ ಬೆಲೆಗೂ ಇರುವ ಸಂಬಂಧ ಎಷ್ಟು ಗೋಜಲು ಎಂದು ತಿಳಿಯುತ್ತದೆ. 1950ರ ದಶಕದ ಆರಂಭದಲ್ಲಿ ಆರ್ಥರ್ ಪೇನ್ ಎಂಬ ಬ್ರಿಟಿಷ್ ರತ್ನ ವ್ಯಾಪಾರಿಗೆ ಮೊಗೊಕ್‌ನಲ್ಲಿ ಒಂದು ಗಾಢ ಕೆಂಪು ಹರಳು ಸಿಕ್ಕಿತು. ಮಾಣಿಕ್ಯವೆಂದು ತೆಗೆದುಕೊಂಡದ್ದು ಮಾಣಿಕ್ಯವಾಗಿರಲಿಲ್ಲ. 1957ರಲ್ಲಿ ಅದು ಹೊಸ ಖನಿಜವೆಂದು ಬರೆದವರಲ್ಲೂ ಅದೇ ಕ್ಲಾರಿಂಗ್‌ಬುಲ್, ಅದೇ ಹೇ ಇದ್ದಾರೆ. ಜೊತೆಗೆ ಸಿನ್ಹಲೈಟ್‌ನ ತೂಕ ಕಂಡು ಹುಬ್ಬುಗಂಟಿಕ್ಕಿದ್ದ ಸಿ. ಜೆ. ಪೇನ್ (ವ್ಯಾಪಾರಿ ಆರ್ಥರ್ ಪೇನ್ ಬೇರೆ, ಇವರು ಬೇರೆ). ಕ್ಯಾಲ್ಸಿಯಂ, ಜಿರ್ಕೋನಿಯಂ, ಅಲ್ಯೂಮಿನಿಯಂ ಮತ್ತು ಬೋರಾನ್ ಸೇರಿದ ಅದರ ಗಡಸುತನ, ವಜ್ರಕ್ಕೆ ಹತ್ತು ಕೊಡುವ ಅಳತೆಯಲ್ಲಿ, ಎಂಟರ ಹತ್ತಿರ, ಸ್ಫಟಿಕಕ್ಕಿಂತ ಹೆಚ್ಚು. ಬೋರೇಟ್ ಎಂದರೆ ಮೆತ್ತಗೆ ಎನ್ನುವವರಿಗೆ ಇದೊಂದೇ ಉತ್ತರ ಸಾಕು. ಹಲವು ದಶಕಗಳ ಕಾಲ ಇಡೀ ಜಗತ್ತಿನಲ್ಲಿ ಗೊತ್ತಿದ್ದ ಪೇನೈಟ್ ಹರಳುಗಳು ಎರಡು ಮೂರು. ಗಿನ್ನೆಸ್ ದಾಖಲೆಯಲ್ಲೂ ಸೇರಿತು. 2000ದ ನಂತರ ಮೊಗೊಕ್ ಸುತ್ತಮುತ್ತ ಹೊಸ ನೆಲೆಗಳು ಸಿಕ್ಕವು, ಹರಳುಗಳು ಬುಟ್ಟಿಗಟ್ಟಲೆ ಬಂದವು, ಆದರೆ ಹೆಚ್ಚಿನವು ಬಿರುಕು ಬಿಟ್ಟ, ಒಡವೆಗೆ ಬಾರದ ಚೂರುಗಳು. ಆದರೆ ಅಂತರ್ಜಾಲದಲ್ಲಿ ಇಂದಿಗೂ ಹಳೆಯ ಮಾತೇ ಓಡುತ್ತಿದೆ.

ಸಿನ್ಹಲೈಟ್ ಅಷ್ಟು ಅಪರೂಪವಲ್ಲ. ವಸ್ತುಸಂಗ್ರಹಾಲಯಗಳಲ್ಲಿ ನೂರು ಕ್ಯಾರಟ್ ಮೀರಿದ್ದೂ ಇದೆ. ಹರಳಿನ ಬೆಲೆ ನಿಲ್ಲುವುದು ಎಷ್ಟು ಕಡಿಮೆ ಸಿಗುತ್ತದೆ ಎನ್ನುವುದರ ಮೇಲಲ್ಲ, ಎಷ್ಟು ಜನ ಅದನ್ನು ಬೇಕು ಎನ್ನುತ್ತಾರೆ ಎನ್ನುವುದರ ಮೇಲೆ. ಮಾಣಿಕ್ಯವನ್ನು ಕೇಳುವವರು ಕೋಟಿ ಜನ. ಸಿನ್ಹಲೈಟ್ ಎಂಬ ಹೆಸರು ಕೇಳಿದವರೇ ಸಂಗ್ರಾಹಕರ ಒಂದು ಸಣ್ಣ ಗುಂಪು. ಅದರ ಮೇಲೆ ಕಂದು ಬಣ್ಣಕ್ಕೆ ಆಭರಣದ ಲೋಕದಲ್ಲಿ ಎಂದೂ ಮುಂದಿನ ಸಾಲಿನ ಕುರ್ಚಿ ಸಿಕ್ಕಿಲ್ಲ. ಹಾಗೆಂದು ಬೆಳ್ಳಿಯ ಲೆಕ್ಕಕ್ಕೆ ಕೊಡುವಂಥದ್ದೂ ಖಂಡಿತ ಅಲ್ಲ. ಅಂಗಡಿಯವರು ಹೇಳಿದ್ದು ಅಜ್ಞಾನವೋ ಜಾಣತನವೋ ನಾನು ಹೇಳಲಾರೆ. ಎರಡರಲ್ಲಿ ಯಾವುದಾದರೂ ನಿಮ್ಮ ಉತ್ತರ ಒಂದೇ: ‘ಬೇಡ, ಹರಳು ವಾಪಸ್ ಕೊಡಿ.’

ಮಾರುವುದಾದರೆ ನೆರೆಹೊರೆಯ ಆಭರಣದಂಗಡಿ ಅದಕ್ಕೆ ಜಾಗವಲ್ಲ. ಅವರಿಗೆ ಕೊಳ್ಳುವವರಿಲ್ಲ, ಆದ್ದರಿಂದ ಬೆಲೆಯೂ ಬರುವುದಿಲ್ಲ. ಅಪರೂಪದ ಹರಳುಗಳನ್ನೇ ಕೊಂಡು ಮಾರುವ ವ್ಯಾಪಾರಿಗಳು ಜೈಪುರದಲ್ಲಿ, ಮುಂಬೈಯಲ್ಲಿ ಇದ್ದಾರೆ. ಅವರೂ ತಿಂಗಳುಗಟ್ಟಲೆ ಕಾಯಿಸಬಹುದು. ಹರಳನ್ನು ಅವರ ಕೈಗೆ ಬಿಟ್ಟು ಬರುವಾಗ ತೂಕ, ಅಳತೆ, ವರದಿಯ ಸಂಖ್ಯೆ ಬರೆದ ರಸೀದಿ ಪಡೆಯದೆ ಎದ್ದು ಬರಬೇಡಿ. ಮೇಲ್ಮೈಯ ಗೀರು ತೆಗೆಸಲು ಮತ್ತೆ ಸಾಣೆ ಹಿಡಿಸೋಣ ಎಂದು ಯಾರಾದರೂ ಸಲಹೆ ಕೊಟ್ಟಾರು. ಅಲ್ಲಿ ಒಂದು ಲೆಕ್ಕವಿದೆ. ನಿಮ್ಮದು 5.22. ಸಾಣೆಯಲ್ಲಿ ಕಾಲು ಕ್ಯಾರಟ್ ಹೋದರೂ ಐದರ ಕೆಳಗೆ ಇಳಿಯುತ್ತದೆ, ಸಂಗ್ರಾಹಕರ ಕಣ್ಣಿನಲ್ಲಿ ಆ ಐದಕ್ಕೆ ಒಂದು ಬೆಲೆಯಿದೆ. ಹರಳು ಮಂಕಾಗಿದ್ದರೂ ನಾನಾದರೆ ಮುಟ್ಟುವುದಿಲ್ಲ, ಹೆಚ್ಚೆಂದರೆ ಮೇಲ್ಮುಖಕ್ಕೆ ಮಾತ್ರ ತೆಳುವಾಗಿ ಪಾಲಿಶ್ ಮಾಡಿಸಿಯೇನು.

ಮಗ ಹಾಕಿಕೊಳ್ಳುವುದಾದರೆ ಸಂತೋಷ, ಆದರೆ ದಿನನಿತ್ಯದ ಉಂಗುರಕ್ಕೆ ಇದು ಸ್ವಲ್ಪ ಕಡಿಮೆ ಬೀಳುತ್ತದೆ. ಇದರ ಗಡಸುತನ ಆರೂವರೆಯಿಂದ ಏಳು. ನಮ್ಮ ರಸ್ತೆಯ ದೂಳಿನಲ್ಲಿರುವ ಮರಳಿನ ಕಣದ್ದು ಏಳು. ದ್ವಿಚಕ್ರ ವಾಹನ ಓಡಿಸಿ ಬಂದು ಪ್ಯಾಂಟಿಗೆ ಕೈ ಒರೆಸುವ ಹುಡುಗನ ಬೆರಳಿನಲ್ಲಿ ಕೆಲವೇ ವರ್ಷಗಳಲ್ಲಿ ಪಟ್ಟೆಗಳ ಅಂಚು ಸವೆಯುತ್ತದೆ. ನಿಮ್ಮ ಮಾವನವರ ಉಂಗುರದ ಹರಳಿನ ಮೇಲ್ಮುಖವನ್ನು ಓರೆಬೆಳಕಿನಲ್ಲಿ ನೋಡಿ, ಬಹುಶಃ ಈಗಾಗಲೇ ಜೇಡರಬಲೆಯಂಥ ಸಣ್ಣ ಗೆರೆಗಳಿರುತ್ತವೆ. ಪದಕವಾಗಿ ಸರಕ್ಕೆ ಹಾಕಿದರೆ ತಾಗುವ, ಉಜ್ಜುವ ಭಯ ಕಡಿಮೆ. ಉಂಗುರವೇ 
ಬೇಕೆಂದರೆ ಹರಳಿನ ಸುತ್ತ ಲೋಹದ ಅಂಚು ತುಸು ಎತ್ತರವಾಗಿ ಬರುವಂತೆ ಕಟ್ಟಿಸಿ. ತೊಳೆಯಲು ಉಗುರುಬೆಚ್ಚಗಿನ ಸಾಬೂನು ನೀರು, ಮೆತ್ತನೆಯ ಹಲ್ಲುಜ್ಜುವ ಬ್ರಷ್ ಸಾಕು. ಅಂಗಡಿಗಳ ಅಲ್ಟ್ರಾಸಾನಿಕ್ ಯಂತ್ರಕ್ಕೆ ಹಾಕಿಸಬೇಡಿ, ಒಳಗೆ ಕಣ್ಣಿಗೆ ಕಾಣದ ಬಿರುಕಿದ್ದರೆ ಅಲ್ಲಿ ಬಾಯಿಬಿಡುತ್ತದೆ.

ರಾಹುವಿನ ವಿಷಯ ನೀವು ನೇರವಾಗಿ ಕೇಳಿಲ್ಲ, ಆದರೂ ಪತ್ರದ ಸಾಲುಗಳ ನಡುವೆ ಇದೆ. ನನ್ನ ಮೇಜಿನ ಮೇಲೆ ರಾಹುವನ್ನು ಅಳೆಯುವ ಉಪಕರಣವಿಲ್ಲ, ಆದ್ದರಿಂದ ಆ ಬಗ್ಗೆ ನಾನು ಹೇಳುವುದು ಅಧಿಕಪ್ರಸಂಗವಾದೀತು. ಖನಿಜದ ಲೆಕ್ಕದಲ್ಲಿ ಇಂದು ಗೋಮೇಧಿಕವೆಂದರೆ ಹೆಸ್ಸೊನೈಟ್ ಗಾರ್ನೆಟ್, ನಿಮ್ಮದು ಅದಲ್ಲ. ನಿಮ್ಮ ಮನೆಯ ಜೋಯಿಸರು ಅದೇ ಬೇಕು ಎಂದರೆ ಬೇರೊಂದು ಕೊಳ್ಳಬಹುದು, ಅದು ಸುಲಭವಾಗಿ ಸಿಗುತ್ತದೆ. ಅದಕ್ಕಾಗಿ ಇದನ್ನು ಅದಲುಬದಲು ಮಾಡಿಕೊಳ್ಳಬೇಡಿ, ಅಷ್ಟೇ.

ಕೊನೆಯದಾಗಿ, ಅವಸರದ ಮಾತು. ನಿಮ್ಮ ಉಂಗುರ ಇನ್ನೂ ಅಳತೆ ಸರಿಪಡಿಸುವ ಹಂತದಲ್ಲಿದೆ ಎಂದು ಪತ್ರದಿಂದ ತಿಳಿಯುತ್ತದೆ. ಬೆಸುಗೆ ಮುಗಿದು ಬೆಳ್ಳಿ ಪೂರ್ತಿ ತಣ್ಣಗಾಗುವವರೆಗೆ ಹರಳನ್ನು ಮತ್ತೆ ಕೂರಿಸಲು ಬಿಡಬೇಡಿ. ಬಿಳಿಗಾರದಿಂದ ನಿಮ್ಮ ಹರಳಿಗೆ ನಿಜವಾದ ಅಪಾಯ ಇರುವುದು ಇಲ್ಲಿ. ಕಾದು ದ್ರವವಾದ ಬಿಳಿಗಾರ ಹರಳಿನ ಮೈಗೆ ತಾಗಿದರೆ ಅದನ್ನು ತಿನ್ನುತ್ತದೆ. ವರ್ಷಗಳ ಹಿಂದೆ ಒಬ್ಬರು ತಾಯಿಯ ಕೆಂಪಿನ (ಮಾಣಿಕ್ಯದ) ಉಂಗುರ ತಂದಿದ್ದರು. ಹರಳು ತೆಗೆಯದೆಯೇ ಬೆಸುಗೆ ಹಾಕಿದ್ದರು. ಕೆಂಪು ಎಂದರೆ ವಜ್ರ ಬಿಟ್ಟರೆ ಅದರಷ್ಟು ಗಟ್ಟಿ ಹರಳು ಕಡಿಮೆ. ಅದರ ಒಂದು ಬದಿ ಮಾತ್ರ ನೆನೆದ ಸಕ್ಕರೆ ಮಿಠಾಯಿಯಂತೆ ಸವೆದು ಮಂಜಾಗಿತ್ತು. ಅಂಥ ಕೆಂಪಿಗೇ ಹಾಗಾದ ಮೇಲೆ ಸಿನ್ಹಲೈಟ್‌ನ ಗತಿ ಏನು ಎಂದು ಪರೀಕ್ಷಿಸಿ ನೋಡುವ ಧೈರ್ಯ ನನಗಂತೂ ಇಲ್ಲ.

ಹರಳು ಮನೆಗೆ ಬಂದ ಮೇಲೆ ಪ್ರಯೋಗಾಲಯದ ವರದಿಯನ್ನೂ ಅಕ್ಕಸಾಲಿಗರ ಹಳೆಯ ಚೀಟಿಯನ್ನೂ ಒಂದೇ ಲಕೋಟೆಯಲ್ಲಿಡಿ. ಚೀಟಿಯ ಮೇಲೆ ಹೆಸರು ತಪ್ಪಾಗಿದೆ ಎಂದು ಹರಿದು ಹಾಕಬೇಡಿ. ಮಾವನವರು ಯಾವ ವರ್ಷ, ಯಾವ ಊರಿನಲ್ಲಿ ಕೊಂಡರು ಎಂಬುದನ್ನು ನಿಮ್ಮ ಯಜಮಾನರ ಕೈಯಲ್ಲಿ ಒಂದು ಹಾಳೆಯಲ್ಲಿ ಬರೆಸಿ ಅದರ ಜೊತೆ ಸೇರಿಸಿ. ಮುಂದೆಂದಾದರೂ ಸಂಗ್ರಾಹಕರೊಬ್ಬರು ಈ ಹರಳನ್ನು ನೋಡಲು ಬಂದರೆ ವರದಿಗಿಂತ ಮೊದಲು ಅವರು ಕೈ ಚಾಚುವುದು ಆ ಹಾಳೆಗೇ.